ದಿನಕ್ಕೊಂದು ಸರ್

ಆಳಂದದಲ್ಲಿ ದಿನವಹಿ ಕವಿಗಳು ಇಬ್ಬರಿದ್ದಾರೆ. ಅಫಜಲಪುರದಲ್ಲಿ ಒಬ್ಬರು ಕಾಯಂ, ಇನ್ನೊಬ್ಬರು ಹಬ್ಬ-ಜಯಂತಿಗಷ್ಟೇ. ಜೇವರ್ಗಿಯಲ್ಲಿ ಎಷ್ಟಿದ್ದಾರೆಂದು ಎಣಿಸಲು ಹೋದವರೊಬ್ಬರು ಎಣಿಕೆ ಮುಗಿಯುವಷ್ಟರಲ್ಲಿ ತಾವೂ ಒಂದು ಬರೆದು ಲೆಕ್ಕಕ್ಕೆ ಸೇರಿಕೊಂಡರೆಂಬ ಮಾತಿದೆ. ಮನೆಯಲ್ಲಿ ಚಹಾಕ್ಕೆ ನೀರಿಡುವ ಮೊದಲೇ ನಿಮ್ಮ ಫೋನಿನೊಳಗೆ ಆರು ಸಾಲಿನ ಒಂದು ವಚನ ಬಂದು ಕುಂತಿರುತ್ತದೆ. ಸುತ್ತ ಗುಲಾಬಿ ಹೂವಿನ ಚೌಕಟ್ಟು, ಮೇಲೆ ಸೂರ್ಯೋದಯ, ಕೆಳಗೆ ಬಲಮೂಲೆಯಲ್ಲಿ ಕೋಟು ತೊಟ್ಟ ಕವಿಯ ಫೋಟೊ. ಮಗಳ ಮದುವೆಯಲ್ಲಿ ತೆಗೆಸಿದ್ದು. ಕತ್ತರಿಸುವಾಗ ಬೀಗರ ಹೆಗಲು ಅರ್ಧ ಉಳಿದುಕೊಂಡಿದೆ.

ನಾನು ಹೇಳಹೊರಟಿರುವ ಸರ್ ಮೂರೂ ತಾಲ್ಲೂಕಿನ ಲೆಕ್ಕಕ್ಕೆ ಸಲ್ಲುವವರು. ಮಾಸ್ತರಿಕೆಯ ಮೊದಲ ವರ್ಷಗಳು ಆಳಂದ ತಾಲ್ಲೂಕಿನ ಮಾದನ ಹಿಪ್ಪರಗಾ ಕಡೆ, ನಡುವಿನವು ಜೇವರ್ಗಿಯ ನೆಲೋಗಿ ಕಡೆ, ಕೊನೆಯವು ಅಫಜಲಪುರದ ಕರಜಗಿ ಕಡೆ. ನಿವೃತ್ತಿಯಾದ ಮೇಲೆ ಅಫಜಲಪುರದಲ್ಲೇ ಮನೆ ಕಟ್ಟಿಸಿಕೊಂಡಿದ್ದಾರೆ. ಅವರ ಕೈಯಲ್ಲಿ ಕಲಿತವರು ಈ ಸೀಮೆಯ ಬಸ್ಸುಗಳಲ್ಲಿ ಟಿಕೆಟ್ ಹರಿಯುತ್ತಾರೆ, ಕಲಬುರಗಿಯ ಗಂಜ್ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುತ್ತಾರೆ, ಭೀಮಾ ನದಿಯ ಬ್ಯಾರೇಜಿನಲ್ಲಿ ಗೇಟು ಎತ್ತುತ್ತಾರೆ. ಸರ್ ಕಲಿಸಿದ್ದು ಗಣಿತ. ವಚನದ ಸಾಲುಗಳು ಯಾಕೆ ಆರರ ಮೇಲೆ ಏರುತ್ತಿರಲಿಲ್ಲ, ಮೂರಕ್ಕೆ ಇಳಿಯುತ್ತಿರಲಿಲ್ಲ ಎಂಬುದಕ್ಕೆ ಇಷ್ಟು ತಿಳಿದರೆ ಸಾಕು. ಅವರ ನಿಜ ಹೆಸರು ಈಗ ಪಿಂಚಣಿ ಪುಸ್ತಕದಲ್ಲಷ್ಟೇ ಬಳಕೆಯಲ್ಲಿದೆ. ಉಳಿದಂತೆ ಎಲ್ಲರ ಬಾಯಲ್ಲಿ ‘ದಿನಕ್ಕೊಂದು ಸರ್’.

ಇದು ಶುರುವಾದದ್ದು ಹೀಗೆ. 2020ರ ಫೆಬ್ರುವರಿ 5ರಿಂದ ಮೂರು ದಿನ ಕಲಬುರಗಿಯಲ್ಲಿ 85ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಎಚ್.ಎಸ್. ವೆಂಕಟೇಶಮೂರ್ತಿಯವರು ಅಧ್ಯಕ್ಷರು. ಸರ್ ಮೂರೂ ದಿನ ಹೋದರು. ಊಟದ ಸಾಲಿನಲ್ಲಿ ನಿಂತಷ್ಟೇ ಶ್ರದ್ಧೆಯಿಂದ ಕವಿಗೋಷ್ಠಿಯಲ್ಲೂ ಕುಂತರು. ವಾಪಸು ಬಂದು ಚಪ್ಪಲಿ ಬಿಡುತ್ತಲೇ ಹೆಂಡತಿಗೆ ಹೇಳಿದ ಮಾತು: “ಇಷ್ಟಾದ್ರ ನನಗೂ ಬರ್ತದ.” ಅದನ್ನು ಆಕೆ ಮರೆತೇ ಬಿಡುತ್ತಿದ್ದರು. ಆದರೆ ಮರುತಿಂಗಳೇ ದೇಶದ ಮೊದಲ ಕೊರೊನಾ ಸಾವು ಕಲಬುರಗಿಯಲ್ಲಾಯಿತು. ಮಾರ್ಚ್ 25ರಿಂದ ಊರೂರಿಗೆ ಬೀಗ ಬಿತ್ತು. ಕಟ್ಟೆಗೆ ಹೋಗುವಂತಿಲ್ಲ, ಹೋಟೆಲಿನಲ್ಲಿ ಮಿರ್ಚಿ ಭಜಿ ಮುಂದಿಟ್ಟುಕೊಂಡು ರಾಜಕೀಯ ಮಾತಾಡುವಂತಿಲ್ಲ. ನಲವತ್ತು ಮಕ್ಕಳ ಮುಂದೆ ದಿನಾ ಮಾತಾಡಿ ರೂಢಿಯಾದ ನಾಲಿಗೆ ಮನೆಯೊಳಗೆ ಒಬ್ಬ ಹೆಂಡತಿಯ ಮುಂದೆ ಎಷ್ಟಂತ ಆಡೀತು? ಹಾಗೆ ಮಾರ್ಚ್ 25ರ ಬೆಳಿಗ್ಗೆ ‘ವಚನ ಸಂಖ್ಯೆ 1’ ಹೊರಬಿತ್ತು.

ಓದಿಕೊಂಡು ಬರೆಯಬಾರದೆ ಎಂದು ಯಾರಾದರೂ ಕೇಳಿದರೆ ಸರ್ ಮಳಖೇಡದ ಕಡೆ ಕೈ ತೋರಿಸುತ್ತಾರೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ನಮ್ಮ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿದೆ. ಕನ್ನಡದಲ್ಲಿ ದೊರೆತಿರುವ ಮೊದಲ ಗ್ರಂಥ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’, ಅಲ್ಲಿನ ಅರಸ ನೃಪತುಂಗನ ಆಸ್ಥಾನದ್ದು. ಈ ನಾಡಿನ ಜನ ಓದದೆಯೂ ಕಾವ್ಯ ಕಟ್ಟುವುದರಲ್ಲಿ ಗಟ್ಟಿಗರು ಎಂಬ ಅರ್ಥದ ಮಾತು ಅದರಲ್ಲಿದೆ. ಸಾವಿರ ವರ್ಷಕ್ಕೂ ಹಿಂದೆ ಕೊಟ್ಟ ಆ ಪರವಾನಗಿಯನ್ನು ಈವರೆಗೆ ಯಾರೂ ರದ್ದು ಮಾಡಿಲ್ಲ. ಅದರಲ್ಲಿನ ‘ಓದದೆ’ ಎಂಬ ಷರತ್ತನ್ನು ನಮ್ಮ ಕಡೆಯ ದಿನವಹಿ ಕವಿಗಳು ಎಷ್ಟು ಕಟ್ಟುನಿಟ್ಟಾಗಿ ಪಾಲಿಸುತ್ತಾರೆಂದರೆ, ಒಬ್ಬರದನ್ನೊಬ್ಬರೂ ಓದುವುದಿಲ್ಲ.

ವಚನಕ್ಕೆ ಅಂಕಿತ ಬೇಕು. ಸರ್‌ಗೆ ಎರಡು ದಿನ ನಿದ್ದೆ ಕೆಡಿಸಿದ್ದು ಇದೇ. ಒಳ್ಳೊಳ್ಳೆಯ ದೇವರನ್ನೆಲ್ಲ ಶರಣರು ಶತಮಾನಗಳ ಹಿಂದೆಯೇ ಹಿಡಿದುಬಿಟ್ಟಿದ್ದಾರೆ. ಆಳಂದದ ಏಕಾಂತದ ರಾಮಯ್ಯ ಚೆನ್ನರಾಮನನ್ನು ಇಟ್ಟುಕೊಂಡ. ಜೇವರ್ಗಿಯ ಷಣ್ಮುಖಸ್ವಾಮಿಗಳು ಅಖಂಡೇಶ್ವರನನ್ನು ಬಿಟ್ಟುಕೊಡಲಿಲ್ಲ. ಉಳಿದ ಚಿಲ್ಲರೆ ಅಂಕಿತಗಳನ್ನು ವಾಟ್ಸ್‌ಆ್ಯಪ್ ಶರಣರು ಹಂಚಿಕೊಂಡಾಗಿದೆ. ಕೊನೆಗೆ ಸರ್ ಭೂಗೋಳದ ಮೊರೆ ಹೊಕ್ಕರು. ಆಳಂದ ತಾಲ್ಲೂಕಿನ ಅಮರ್ಜಾ ನದಿ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮಾ ನದಿಯನ್ನು ಕೂಡುತ್ತದೆ. ದತ್ತನ ಭಕ್ತರು ಮಹಾರಾಷ್ಟ್ರದಿಂದ ಬಂದು ಮುಳುಗೇಳುವ ಸಂಗಮ ಅದು. ಎರಡೂ ನದಿ ಸೇರಿಸಿ ಸರ್ ‘ಭೀಮಾಮರ್ಜೇಶ’ ಎಂದು ಅಂಕಿತ ಕಟ್ಟಿದರು. ಬಾಯಿ ತುಂಬುವ ಅಂಕಿತ. ಅಷ್ಟೇ ಅಲ್ಲ, ಹಲ್ಲಿನ ಸೆಟ್ ಇರುವವರು ಹುಷಾರಾಗಿ ಹೇಳಬೇಕಾದ ಅಂಕಿತ.

ಅವರ ದಿನಚರಿಯನ್ನು ಕಣ್ಣಾರೆ ನೋಡಬೇಕು. ಬೆಳಗಿನ ಐದಕ್ಕೆ ಎದ್ದು, ಮುಖ ತೊಳೆಯದೆ, ಪಡಸಾಲೆಯ ಕಂಬಕ್ಕೆ ಆನಿಸಿದ ಮಡಚುವ ಕುರ್ಚಿಯಲ್ಲಿ ಕೂರುತ್ತಾರೆ. ಕನ್ನಡಕ ಹಣೆಯ ಮೇಲೆ, ಫೋನು ಮೂಗಿನ ತುದಿಗೆ. ಗೋಡೆಯ ಕ್ಯಾಲೆಂಡರಿನಲ್ಲಿ ಅಂದಿನ ತಿಥಿ ನೋಡುತ್ತಾರೆ. ಜಯಂತಿ ಇದ್ದರೆ ಕೆಲಸ ಅರ್ಧ ಮುಗಿದಂತೆ. ಜಯಂತಿ ಇಲ್ಲದಿದ್ದರೆ ವಿಶ್ವ ಇದು ದಿನ, ವಿಶ್ವ ಅದು ದಿನ ಎಂದು ಏನಾದರೂ ಇದ್ದೇ ಇರುತ್ತದೆ. ಅದೂ ಇಲ್ಲವೆಂದರೆ ತಾಯಿ. ತಾಯಿಯ ಮೇಲೆ ಸರ್ ಬರೆದ ವಚನಗಳನ್ನು ಆ ತಾಯಿ ಬದುಕಿದ್ದಾಗ ಓದಿದ್ದರೆ, “ಅಪ್ಪಾ, ಇಷ್ಟೆಲ್ಲ ಬರೆಯೂದಕ್ಕಿಂತ ಮಂಡಿನೋವಿಗೆ ಒಂದು ಎಣ್ಣಿ ತಂದು ಕೊಡಬಾರದಿತ್ತೇನೋ” ಎನ್ನುತ್ತಿದ್ದರು ಎಂದು ಅವರ ಹೆಂಡತಿಯೇ ಹೇಳುತ್ತಾರೆ.

ಬೆರಳಿನಿಂದ ಒತ್ತುವುದು ತಡವಾಗುತ್ತದೆಂದು ಸರ್ ಬಾಯಲ್ಲಿ ಹೇಳಿ ಬರೆಸುವುದನ್ನು ಮೊಮ್ಮಗನಿಂದ ಕಲಿತರು. ಫೋನು ಕಲಿತ ಕನ್ನಡ ಬೇರೆ, ಸರ್ ಆಡುವ ಕನ್ನಡ ಬೇರೆ. ಅಂಗದ ಮೇಲಿನ ಲಿಂಗ ಅಂದರೆ ಅಂಗಡಿ ಮೇಲಿನ ಲಿಂಕ್ ಎಂದು ಮೂಡುತ್ತಿತ್ತು. ಕಾಯಕ ಅಂದರೆ ಕಾಯಂ. ಕನ್ನಡಕ ಹಣೆಯ ಮೇಲಿದ್ದುದರಿಂದ ಸರ್‌ಗೆ ಇದು ಕಾಣುತ್ತಿರಲಿಲ್ಲ. ಕೆಲವರು ಅದನ್ನು ನವ್ಯ ಎಂದು ತಿಳಿದು ಕೈಮುಗಿದರು. ಒಂದು ಬೆಳಿಗ್ಗೆ, ಲಾಕ್‌ಡೌನಿನ ನಡುವೆ, ಅಂಕಿತವೇ ಎಡವಿತು. ‘ನೀನಲ್ಲದೆ ಇನ್ನಾರು ಗತಿ ನನಗೆ, ಭೀಮಾ ಮಾರ್ಕೆಟ್’ ಎಂದು ವಚನ ಮುಗಿದಿತ್ತು.

ಐದೇ ನಿಮಿಷದಲ್ಲಿ ಉತ್ತರ ಬಂತು. ಮಾಶಾಳ ಕಡೆಯ ಒಬ್ಬ ರೈತ: “ಸರ್, ಮಾರ್ಕೆಟ್ ಚಾಲೂ ಆಯ್ತೇನ್ರಿ? ಮನ್ಯಾಗ ತೊಗರಿ ಹಂಗೇ ಬಿದ್ದದ.”

ಅದುವರೆಗೆ ಸರ್ ವಚನಕ್ಕೆ ಪ್ರಶ್ನೆ ಕೇಳಿದವರಿರಲಿಲ್ಲ. ಮಾಸ್ತರ ಜೀವ, ಪ್ರಶ್ನೆ ಕೇಳಿದ ಹುಡುಗನನ್ನು ಬಿಟ್ಟುಕೊಟ್ಟೀತೆ? ಗಂಜಿನಲ್ಲಿ ಮುನೀಮನಾಗಿದ್ದ ಹಳೆಯ ಶಿಷ್ಯನಿಗೆ ಫೋನು ಹಚ್ಚಿ ವಿಚಾರಿಸಿದರು. ಮರುದಿನ ವಚನದ ಕೆಳಗೆ ಒಂದು ಗೆರೆ ಎಳೆದು ಬರೆದರು: ‘ತಾ.ಕ.: ನಿನ್ನೆ ಕೇಳಿದವರಿಗೆ. ಗಂಜ್ ಇನ್ನೂ ಪೂರಾ ತೆರೆದಿಲ್ಲ. ಫೋನು ಮಾಡದೆ ಗಾಡಿ ಹೊರಡಿಸಬ್ಯಾಡ್ರಿ.’ ಬಂದ ಚಪ್ಪಾಳೆಗಳೆಲ್ಲ ವಚನಕ್ಕೆ ಎಂದೇ ಸರ್ ತಿಳಿದರು. ಅಂದಿನಿಂದ ವಚನದ ಕೆಳಗೆ ತಾ.ಕ., ಅಂದರೆ ತಾಜಾ ಕಲಂ, ಬರುವುದು ಪದ್ಧತಿಯಾಯಿತು. ಈ ತಾ.ಕ. ಮುಂದೆ ಮಾಡಿದ ಉಪದ್ರವ ಬಹಳ. ಅದಕ್ಕೆ ಆಮೇಲೆ ಬರುತ್ತೇನೆ.

ವಚನ ಬರೆಯುವುದು ಹತ್ತು ನಿಮಿಷದ ಕೆಲಸ, ಹಂಚುವುದು ಒಂದೂವರೆ ತಾಸಿನ ಕೆಲಸ. ಸುಳ್ಳುಸುದ್ದಿ ಹರಡಿ ದೇಶದಲ್ಲಿ ಜನ ಸತ್ತ ಮೇಲೆ 2018ರಲ್ಲಿ ವಾಟ್ಸ್‌ಆ್ಯಪ್‌ನವರು ಭಾರತದಲ್ಲಿ ಒಮ್ಮೆಗೆ ಐದು ಕಡೆಗಿಂತ ಹೆಚ್ಚು ಕಳಿಸದಂತೆ ತಡೆ ಹಾಕಿದರು. ವದಂತಿಗೆ ಹಾಕಿದ ಬೇಲಿ ವಚನಕ್ಕೂ ತಾಗಿತು. ಸರ್ ಇಪ್ಪತ್ತಕ್ಕೂ ಹೆಚ್ಚು ಗುಂಪುಗಳ ಸದಸ್ಯರು: ನಿವೃತ್ತ ಶಿಕ್ಷಕರದು, ಹಳೆಯ ವಿದ್ಯಾರ್ಥಿಗಳದು, ಶರಣ ಸಾಹಿತ್ಯದವು ನಾಲ್ಕು, ಓಣಿಯದು, ಬೀಗರದು, ಸಕ್ಕರೆ ಕಾರ್ಖಾನೆಗೆ ಕಬ್ಬು ಕಳಿಸುವವರದು. ಐದೈದರಂತೆ ಕಂತು ಕಟ್ಟಿ ಕಳಿಸಬೇಕು. ಆದರೆ ಹಾಗೆ ಕಳಿಸಿದರೆ ಮೇಲೆ ‘ಫಾರ್ವರ್ಡ್ ಮಾಡಲಾಗಿದೆ’ ಎಂಬ ಮುದ್ರೆ ಬೀಳುತ್ತದೆಂದು ಅವರ ಭಯ. ಸ್ವಂತ ಹೆತ್ತ ಕೂಸಿಗೆ ದತ್ತಕ ಎಂದು ಬರೆದರೆ ಯಾವ ತಂದೆ ಸುಮ್ಮನಿದ್ದಾನು? ಅದಕ್ಕೇ ಸರ್ ಒಂದೊಂದು ಗುಂಪಿಗೂ ಬೇರೆಬೇರೆಯಾಗಿ ಅಂಟಿಸುತ್ತಾರೆ. ಒಂದು ಸಲ ಕೈತಪ್ಪಿ ಹುಟ್ಟುಹಬ್ಬದ ವಚನ ಬೀಗರ ಮನೆಯ ದಿನಕರ್ಮದ ಸುದ್ದಿಯ ಕೆಳಗೆ ಹೋಗಿ ಕುಂತು, ಮಗಳು ಎರಡು ದಿನ ತವರಿಗೆ ಫೋನು ಮಾಡಲಿಲ್ಲ.

ಇನ್ನು ಚಪ್ಪಾಳೆಯ ವ್ಯವಹಾರ. ಹೊರಗಿನವರಿಗೆ ಇದು ಪ್ರೀತಿಯಂತೆ ಕಾಣುತ್ತದೆ. ಒಳಗೆ ಮದುವೆಯ ಆಯೇರಿ ಇದ್ದಂತೆ, ಯಾರು ಎಷ್ಟು ಹಾಕಿದರು, ನಾವು ಎಷ್ಟು ತೀರಿಸಬೇಕು ಎಂಬುದಕ್ಕೆ ಪಕ್ಕಾ ಲೆಕ್ಕವಿದೆ. ಸರ್‌ನ ವಚನಕ್ಕೆ ಆಳಂದದ ಕವಿ ಮೂರು ಚಪ್ಪಾಳೆ, ಒಂದು ಗುಲಾಬಿ ಹಾಕಿದರೆ, ಆಳಂದದ ಕವಿಯ ಹನಿಗವನಕ್ಕೆ ಸರ್ ಮೂರು ಚಪ್ಪಾಳೆ, ಒಂದು ಗುಲಾಬಿ ತೀರಿಸಬೇಕು. ನಾಲ್ಕು ಹಾಕಿದರೆ ಅವರ ಮೇಲೆ ಋಣ ಹೊರಿಸಿದಂತೆ, ಎರಡು ಹಾಕಿದರೆ ಜಗಳ. ಮಾತಿನಲ್ಲಿ ಹೊಗಳುವುದಾದರೆ ಸಿದ್ಧಪಡಿಸಿದ ದಾಸ್ತಾನಿದೆ: ‘ಅರ್ಥಪೂರ್ಣ ಸರ್’, ‘ಮನಮುಟ್ಟುವ ಸಾಲುಗಳು’, ‘ವಾಸ್ತವದ ಅನಾವರಣ’. ಜೇವರ್ಗಿಯ ಕವಿಯೊಬ್ಬರು ಎಷ್ಟು ಚುರುಕೆಂದರೆ ಸರ್ ವಚನ ಇಳಿಸಿದ ಎರಡನೆಯ ಸೆಕೆಂಡಿಗೆ ‘ಮತ್ತೆ ಮತ್ತೆ ಓದಿದೆ ಸರ್’ ಎಂದು ಬರುತ್ತದೆ. ಈ ಎಲ್ಲದರ ನಡುವೆ ಯಾರೂ ಯಾರ ಸಾಲನ್ನೂ ತಿದ್ದುವುದಿಲ್ಲ. ಒಬ್ಬ ಕಾಲೇಜು ಹುಡುಗ, ಹೊಸಬ, ರೂಢಿ ಗೊತ್ತಿಲ್ಲದವ, “ಸರ್, ಮೂರನೇ ಸಾಲಿಗೂ ನಾಲ್ಕನೇ ಸಾಲಿಗೂ ಸಂಬಂಧ ಏನದರಿ?” ಎಂದು ಕೇಳಿಬಿಟ್ಟ. ಅಡ್ಮಿನ್ ಆತನನ್ನು ಸಂಜೆಯೊಳಗೆ ಗುಂಪಿನಿಂದ ಹೊರಗೆ ಹಾಕಿದರು. ನನ್ನ ಮಟ್ಟಿಗೆ ಆ ಗುಂಪಿನಲ್ಲಿ ಸಾಹಿತ್ಯದ ಮಾತು ನಡೆದದ್ದು ಅದೊಂದೇ ದಿನ.

ಪ್ರಶಸ್ತಿಗಳ ವಿಷಯ ಬೇಗ ಮುಗಿಸುತ್ತೇನೆ. ‘ದಿನದ ಉತ್ತಮ ಕವಿ’ ಎಂಬ ಇ-ಪ್ರಮಾಣಪತ್ರ ಎಲ್ಲರಿಗೂ ಸರದಿಯಂತೆ ಬರುತ್ತದೆ. ಸರ್ ಅವನ್ನು ಬಣ್ಣದಲ್ಲಿ ಮುದ್ರಿಸಿ ಪ್ಲಾಸ್ಟಿಕ್ ಹೊದಿಸಿ ಪಡಸಾಲೆಯ ಗೋಡೆಗೆ ಹಚ್ಚಿದ್ದಾರೆ. ಒಂದು ಪತ್ರದಲ್ಲಿ ಇನ್ಯಾರದೋ ಹೆಸರಿದೆ; ಚೌಕಟ್ಟು ಚೆನ್ನಾಗಿದೆ ಎಂದು ಅದನ್ನೂ ಬಿಟ್ಟಿಲ್ಲ.

ನಡುವೆ ಕೆಲವು ತಿಂಗಳು ವಚನದ ಜೊತೆಗೆ ಗಜಲ್ ಕೂಡ ಬಂದು ಹೋಯಿತು. ರಾಯಚೂರಿನ ಶಾಂತರಸರು ಕನ್ನಡಕ್ಕೆ ಗಜಲ್ ಬೆಳೆಸಿಕೊಟ್ಟವರು. ಉರ್ದು ಕಿವಿಗೆ ಬಿದ್ದೇ ಬೆಳೆಯುವ ನಮ್ಮ ಕಡೆ ಅದು ಬೇರೂರಿದ್ದು ಸಹಜವೇ. ಸಹಜವಲ್ಲದ್ದು ಅರವತ್ತು ದಾಟಿದ ಗಣಿತದ ಮಾಸ್ತರರು ಬೆಳಗಿನ ಐದೂವರೆಗೆ, ಹಲ್ಲುಜ್ಜದೆ, ಸಾಕಿಯ ಕೈಯ ಮಧುಬಟ್ಟಲಿಗಾಗಿ ಹಂಬಲಿಸುವುದು. ಓಣಿಯ ಗುಂಪಿನಲ್ಲಿ ಓದಿದ ನೆರೆಮನೆಯಾಕೆ ಬಾವಿಕಟ್ಟೆಯಲ್ಲಿ ವಿಷಯ ತೆಗೆದರು. ಸರ್‌ನ ಹೆಂಡತಿ ಒಳಗೆ ಬಂದು ನಿಂತು ಕೇಳಿದರು: “ಯಾರ್ರಿ ಆಕಿ, ಸಾಕಿ? ಕರಜಗಿ ಸಾಲ್ಯಾಗ ಇದ್ದಾಕ್ಯಾ?” ಸರ್ ಫಾರ್ಸಿ ಕಾವ್ಯಪರಂಪರೆ, ಸೂಫಿ ದರ್ಶನ, ಅಧ್ಯಾತ್ಮದ ಅಮಲು ಎಂದು ತಿಳಿಹೇಳಲು ಹೋದರು. ಆಕೆ ಪೂರ್ತಿ ಕೇಳಿ, “ಅಧ್ಯಾತ್ಮನ ಇದ್ರ ಆಕಿ ಸೆರಗು ಯಾಕ ಹಾರ್ಲತ್ತದ?” ಅಂದರು. ಮರುದಿನ ಸರ್ ಬರೀ ವಚನಕ್ಕೆ ವಾಪಸಾದರು.

ಹಳಕಟ್ಟಿಯವರ ಹೆಸರು ಎತ್ತಿಯೂ ಸರ್ ಒಮ್ಮೆ ಮನೆಯಲ್ಲಿ ಸೋತರು. ಫ.ಗು. ಹಳಕಟ್ಟಿ ವಿಜಯಪುರದಲ್ಲಿ ವಕೀಲಿ ಮಾಡಿಕೊಂಡಿದ್ದು ಸುಖವಾಗಿರಬಹುದಿತ್ತು. ಓಲೆಗರಿ ಹುಡುಕುತ್ತ ಊರೂರು ತಿರುಗಿದರು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ತಂದರು, 1926ರಿಂದ ‘ಶಿವಾನುಭವ’ ಪತ್ರಿಕೆ ನಡೆಸಿದರು, ಮುದ್ರಣದ ಖರ್ಚಿಗೆ ಇದ್ದ ಮನೆಯನ್ನೇ ಮಾರಿದರು. ಸರ್ ತಮ್ಮ ಮೊದಲ ವರ್ಷದ ವಚನಗಳನ್ನು ಪುಸ್ತಕ ಮಾಡಬೇಕೆಂದು ಮಾತು ತೆಗೆದು, ಪೀಠಿಕೆಯಾಗಿ ಈ ಕತೆ ಹೇಳಿದರು. ಹೆಂಡತಿ ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸದೆ ಹೇಳಿದರು: “ಪುಸ್ತಕ ಮಾಡಸ್ರಿ. ಮನಿ ಮಾರೂ ಮಾತು ಮಾತ್ರ ಈ ಮನ್ಯಾಗ ಎತ್ತಬ್ಯಾಡ್ರಿ. ಅವರು ಮಾರಿದ್ದು ಬಸವಣ್ಣನ ವಚನಕ್ಕ.”

ಪುಸ್ತಕ ಬಂತು. ಮುನ್ನುಡಿ, ಬೆನ್ನುಡಿ, ಶುಭನುಡಿ, ಹಾರೈಕೆ, ಆಶೀರ್ವಚನ ಎಲ್ಲ ಕಳೆದು ವಚನ ಶುರುವಾಗುವ ಹೊತ್ತಿಗೆ ಓದುಗ ಅರ್ಧ ಪುಸ್ತಕ ದಾಟಿರುತ್ತಾನೆ. ಸಾವಿರ ಪ್ರತಿ ಹಾಕಿಸಿದ್ದರು. ಈಗ ಅಫಜಲಪುರದಲ್ಲಿ ಯಾವ ಮದುವೆಗೆ ಹೋದರೂ, ಗೃಹಪ್ರವೇಶಕ್ಕೆ ಹೋದರೂ ಒಂದು ಪ್ರತಿ ಕೈಗೆ ಬರುತ್ತದೆ. ನನ್ನ ಬಳಿ ನಾಲ್ಕಿವೆ, ನಾಲ್ಕರಲ್ಲೂ ‘ಸಹೃದಯರಿಗೆ ಪ್ರೀತಿಯಿಂದ’ ಎಂಬ ಸಹಿ ಇದೆ. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು ತನ್ನ ಪ್ರತಿಯನ್ನು ಉದ್ರಿ ಬರೆಯಲು ಇಟ್ಟುಕೊಂಡಿದ್ದಾನೆ. ಆರು ಸಾಲಿನ ವಚನ, ಉಳಿದ ಪುಟ ಖಾಲಿ. ಇಷ್ಟು ಜಾಗ ಬಿಟ್ಟ ಪುಸ್ತಕ ಬೇರೆ ಸಿಗುವುದಿಲ್ಲ ಎಂದು ಅವನೇ ಹೊಗಳುತ್ತಾನೆ.

2022ರ ಮಾರ್ಚಿನಲ್ಲಿ ಸರ್ ಒಂದು ಐತಿಹಾಸಿಕ ಸಂಖ್ಯೆ ದಾಟಿದರು. ಜೇವರ್ಗಿಯ ಷಣ್ಮುಖಸ್ವಾಮಿಗಳ ವಚನಗಳು ನಮಗೆ ದೊರೆತಿರುವುದು 717. ಹದಿನೇಳನೆಯ ಶತಮಾನದಲ್ಲಿ ಆ ಪ್ರಕಾರಕ್ಕೆ ಮತ್ತೆ ಜೀವ ಕೊಟ್ಟವರು ಅವರು. ಸರ್ 718ನೆಯದನ್ನು ಇಳಿಸಿದ ದಿನ ಜೇವರ್ಗಿಗೇ ಹೋದರು. ಮಠದಲ್ಲಿ ನಮಸ್ಕಾರ ಹಾಕಿ, ಹೊರಗೆ ಒಂದು ಹೋಟೆಲಿನಲ್ಲಿ ಸುಸಲಾ ತಿನ್ನುತ್ತ, ಎದುರು ಕುಂತವರಿಗೆಲ್ಲ ಕೇಳುವಂತೆ, “ಅವರು ಇಡೀ ಆಯುಷ್ಯದಾಗ ಬರೆದದ್ದು ನಾ ಎರಡು ವರ್ಷದಾಗ ದಾಟಿದೆ ನೋಡ್ರಿ” ಅಂದರು. ತಟ್ಟೆ ಎತ್ತಲು ಬಂದ ಹೋಟೆಲಿನ ಮುದುಕ ಕೇಳಿದ: “ಖರೆ ಅದರಿ ಸರ್. ಅವರದು ಮುನ್ನೂರು ವರ್ಷ ಆದ ಮ್ಯಾಲೂ ಮಂದಿ ಹಾಡ್ಲತ್ತಾರ. ನಿಮ್ಮದು ಸ್ಟೇಟಸ್‌ನಾಗ ಎಷ್ಟು ತಾಸು ಇರ್ತದ್ರಿ?”

ಇಪ್ಪತ್ನಾಲ್ಕು ತಾಸು. ಸರ್‌ಗೂ ಗೊತ್ತು, ಮುದುಕನಿಗೂ ಗೊತ್ತು.

ಈಗ ತಾ.ಕ.ಕ್ಕೆ ಬರುತ್ತೇನೆ. ದಿನಾ ಬರೆದರೆ ಬರವಣಿಗೆ ಪಳಗುತ್ತದೆ ಎಂದು ದೊಡ್ಡವರು ಹೇಳುತ್ತಾರೆ. ಸರ್ ಕೂಡ ಸಾಲೆ ಕಾಲೇಜುಗಳಿಗೆ ಹೋಗಿ ಇದನ್ನೇ ಭಾಷಣ ಮಾಡುತ್ತಾರೆ: ಮುಂಜಾನೆ ಬರೀರಿ, ತಪ್ಪದೆ ಬರೀರಿ, ಆಳಂದದ ಏಕಾಂತದ ರಾಮಯ್ಯ ತನ್ನ ತಲೆ ಕಡಿದು ಶಿವನ ಮುಂದಿಟ್ಟು ಏಳು ದಿನದ ಮೇಲೆ ತಿರುಗಿ ಪಡೆದನೆಂದು ಶಾಸನದಾಗ ಅದ, ನನಗ ಒಂದು ದಿನ ಬರೀಲಿಲ್ಲ ಅಂದ್ರ ತಲಿ ಹೋದಂಗ. ಹುಡುಗರು ಚಪ್ಪಾಳೆ ತಟ್ಟುತ್ತಾರೆ. ಆದರೆ ವಚನ ಸಂಖ್ಯೆ 1ನ್ನೂ ನಿನ್ನೆಯದನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಮೊದಲಿನದೆಂದು ಹೇಳುವುದು ಕಷ್ಟ. ಅದೇ ತಾಯಿ, ಅದೇ ದೀಪ, ಅದೇ ಕತ್ತಲೆ. ವಚನಕ್ಕೆ ಹೊರಗಿನಿಂದ ಏನೂ ಬೇಕಿರಲಿಲ್ಲ. ಕುರ್ಚಿಯಿಂದ ಏಳದೆ ಆಗುತ್ತಿತ್ತು. ತಪ್ಪಿದರೂ ತಪ್ಪಿತೆಂದು ಹೇಳುವವರಿರಲಿಲ್ಲ. ಹೇಳಿದ ಒಬ್ಬ ಹುಡುಗನನ್ನು ಹೊರಗೆ ಹಾಕಿದ್ದಾಯಿತಲ್ಲ.

ತಾ.ಕ. ಹಾಗಲ್ಲ. ಅದರಲ್ಲಿ ತಪ್ಪಿದರೆ ಹತ್ತು ನಿಮಿಷದಲ್ಲಿ ಬೈಗುಳ. 2020ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಉಜನಿ, ವೀರ ಅಣೆಕಟ್ಟೆಗಳಿಂದ ನೀರು ಬಿಟ್ಟು, ಮೇಲೆ ಮಳೆಯೂ ಸೇರಿ ಭೀಮಾ ಉಕ್ಕಿ ಬಂತು. ಅಫಜಲಪುರ, ಜೇವರ್ಗಿಯ ಹೊಳೆದಂಡೆಯ ಊರುಗಳಿಗೆ ನೀರು ಹೊಕ್ಕಿತು. ಸರ್ ಮೊದಲ ದಿನ ‘ಹೊಳಿಗೆ ನೀರು ಬಂದದ, ಎಲ್ಲರೂ ಹುಷಾರ್’ ಎಂದಷ್ಟೇ ಬರೆದರು. “ಯಾವ ಕಡಿಗ್ರಿ? ಎಷ್ಟು ಹೊತ್ತಿಗೆ? ಯಾರು ಹೇಳಿದ್ರು?” ಎಂದು ಫೋನು ಮೇಲೆ ಫೋನು. ಗಾಣ ಸುತ್ತಿದಂತೆ ಸುತ್ತಿ ಬರೆಯುವ ಕವಿಗೆ ಮೊದಲ ಬಾರಿಗೆ ನೆಟ್ಟಗೆ ಬರೆಯುವ ಕೆಲಸ ಬಿತ್ತು. ಸೊನ್ನ ಬ್ಯಾರೇಜಿನ ಶಿಷ್ಯನಿಗೆ, ಬಸ್ಸಿನ ಶಿಷ್ಯನಿಗೆ ಕೇಳಿ ಮರುದಿನ ಹಾಕಿದ್ದು ಹೀಗಿತ್ತು: ‘ತಾ.ಕ.: ಬೆಳಿಗ್ಗೆ 5ಕ್ಕೆ ಸೊನ್ನದಿಂದ ಕೇಳಿದ್ದು. ರಾತ್ರಿಗಿಂತ ಹೆಚ್ಚು ಗೇಟು ಎತ್ತಿದ್ದಾರೆ. ಗಾಣಗಾಪುರ ಸೇತುವೆ ಮೇಲೆ ನೀರು ಅದ, ಬಸ್ ಇಲ್ಲ. ದನ ಬಿಚ್ಚಿ ಮೇಲಕ್ಕೆ ಕಟ್ಟಿರಿ. ಮಧ್ಯಾಹ್ನ ಮತ್ತೆ ತಿಳಿಸುವೆ.’ ಒಂದು ಉಪಮೆ ಇಲ್ಲ, ಒಂದು ಉದ್ಗಾರ ಇಲ್ಲ. ದನ ಬಿಚ್ಚಿ ಮೇಲಕ್ಕೆ ಕಟ್ಟಿದವರು ಇದ್ದಾರೆ. ಸರ್ ಬರೆದದ್ದರಲ್ಲಿ ಇದಕ್ಕಿಂತ ಚೆಂದದ ಗದ್ಯವನ್ನು ನಾನು ಓದಿಲ್ಲ. ಸರ್‌ಗೆ ಇದನ್ನು ಹೇಳಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ. “ಅದೇನು ಸಾಹಿತ್ಯ ಏನ್ರಿ? ಸೂಚನಾ ಫಲಕ,” ಎನ್ನುತ್ತಾರೆ.

ಹೀಗೆ ಕೆಳಗಿನ ಸಾಲು ಬೆಳೆಯುತ್ತ ಹೋಯಿತು, ಮೇಲಿನ ವಚನ ಇದ್ದಲ್ಲೇ ಇತ್ತು. ತೊಗರಿಗೆ ಗಂಜಿನಲ್ಲಿ ಏನು ದರ, ಯಾವ ಬಸ್ಸು ರಿಪೇರಿಗೆ ಹೋಗಿದೆ, ಆಳಂದಕ್ಕೆ ಹೋಗುವ ದಾರಿಯಲ್ಲಿ ಎಲ್ಲಿ ರಸ್ತೆ ಅಗೆದಿದ್ದಾರೆ, ತಹಶೀಲ್ದಾರ ಕಚೇರಿಯಲ್ಲಿ ಇಂದು ಸರ್ವರ್ ಇದೆಯೋ ಇಲ್ಲವೋ. ಒಂದು ವಾರ ತೊಗರಿಯ ದರ ಹಳೆಯದು ಬರೆದು ಮಾಶಾಳದ ರೈತನಿಂದ ಬೈಸಿಕೊಂಡ ಮೇಲೆ ದರದ ಮುಂದೆ ತಾರೀಖು, ಹೊತ್ತು ಹಾಕುವುದನ್ನು ಕಲಿತರು. ಗೊತ್ತಿಲ್ಲದ್ದಕ್ಕೆ ‘ಗೊತ್ತಾಗಿಲ್ಲ’ ಎಂದು ಬರೆಯುವುದನ್ನೂ ಕಲಿತರು. ವಚನದಲ್ಲಿ ಅವರಿಗೆ ಗೊತ್ತಿಲ್ಲದ್ದು ಇಂದಿಗೂ ಏನೂ ಇಲ್ಲ.

ಹೋದ ಮಳೆಗಾಲದಲ್ಲಿ ಸರ್‌ಗೆ ಡೆಂಗಿ ಜ್ವರ ಬಂತು. ಬೆಳಗಿನ ಐದಕ್ಕೆ ಏಳಲಾಗಲಿಲ್ಲ. ಶುರುವಾದಂದಿನಿಂದ ಮೊದಲ ಸಲ ದಿನ ಖಾಲಿ ಹೋಯಿತು. ಏಳು ಗಂಟೆಗೆ ಫೋನು ಬಡಿದುಕೊಳ್ಳತೊಡಗಿತು. ಜ್ವರದಲ್ಲೂ ಸರ್‌ನ ಕಣ್ಣು ಅರಳಿತು. ಹೆಂಡತಿಯ ಕಡೆ ತಿರುಗಿ, “ಕೇಳು, ಒಂದು ದಿನ ಇಲ್ಲದ್ದಕ್ಕ ಜನ ಹೆಂಗ ಹಂಬಲಸ್ತಾರ. ಸ್ಪೀಕರ್ ಹಚ್ಚು,” ಅಂದರು.

ಆಕೆ ಸ್ಪೀಕರ್ ಹಚ್ಚಿದರು.

“ಸರ್, ನಮಸ್ಕಾರ್ರಿ. ಇವತ್ತಿಂದು ಬರಲಿಲ್ಲಲ್ರಿ.”

“ಹೌದಪ್ಪಾ, ಸ್ವಲ್ಪ ಆರಾಮ ಇಲ್ಲ. ಮನಸಿನ್ಯಾಗ ಸಾಲು ಓಡ್ಲತ್ತಾವ, ಕೈ ಏಳವಲ್ದು.”

“ಅಯ್ಯ, ಸಾಲು ಇರ್ಲಿ ಬಿಡ್ರಿ ಸರ್. ಕಟ್ಟಿ ಸಂಗಾವಿ ಬ್ರಿಜ್ಜಿನ ಕಡಿ ಗಾಡಿ ಬಿಡ್ಲತ್ತಾರೋ ಇಲ್ಲೋ ಅಷ್ಟ ಹೇಳ್ರಿ.”

ಎರಡನೆಯ ಫೋನು ತೊಗರಿಯದು. ಮೂರನೆಯದು, “ಮುಂಜಾನಿ ಕಲಬುರಗಿ ಬಸ್ ಅದ ಏನ್ರಿ?” ನಾಲ್ಕನೆಯದು ಜೇವರ್ಗಿಯ ಚುರುಕು ಕವಿಯದು. ಎರಡನೆಯ ಸೆಕೆಂಡಿಗೆ ಮತ್ತೆ ಮತ್ತೆ ಓದುವವರು. ಸರ್ ಇವರಾದರೂ ಎಂದು ಒರಗುದಿಂಬಿಗೆ ಆನಿಕೊಂಡು ಕುಂತರು. ಅವರು ಕೇಳಿದ್ದು ತಹಶೀಲ್ದಾರ ಕಚೇರಿಯ ಸರ್ವರ್.

ಸರ್ ಗೋಡೆ ಕಡೆ ಮುಖ ಮಾಡಿ ಮಲಗಿದರು. ಫೋನು ನಿಲ್ಲಲಿಲ್ಲ. ಹೊತ್ತು ಹೋದಂತೆ ಹೆಂಡತಿಗೇ ತಡೆಯಲಾಗಲಿಲ್ಲ. ಫೋನು ಕೈಗೆತ್ತಿಕೊಂಡು ಶಿಷ್ಯರ ಹೆಸರು ಹುಡುಕಿ ತಾವೇ ಕೇಳಿದರು, ಕೇಳಿದ್ದನ್ನು ನಾಲ್ಕು ಸಾಲಿನಲ್ಲಿ ಒತ್ತಿ ಕಳಿಸಿದರು. ವಚನ ಇಲ್ಲ, ಗುಲಾಬಿ ಇಲ್ಲ, ಸೂರ್ಯೋದಯ ಇಲ್ಲ, ಬೀಗರ ಹೆಗಲು ಇಲ್ಲ. ಕೊನೆಗೆ ಒಂದು ಮಾತು ಸೇರಿಸಿದ್ದರು: ‘ನಿಮ್ಮ ಸರ್‌ಗೆ ಜ್ವರ ಅದ. ಫೋನ್ ಮಾಡಬ್ಯಾಡ್ರಿ.’ ಅಂದು ಬಂದಷ್ಟು ಚಪ್ಪಾಳೆ ಆ ಗುಂಪುಗಳಲ್ಲಿ ಯಾವತ್ತೂ ಬಂದಿರಲಿಲ್ಲ. ಯಾರೋ ಒಬ್ಬರು ಅಭ್ಯಾಸಬಲದಿಂದ ‘ಅರ್ಥಪೂರ್ಣ’ ಎಂದೂ ಹಾಕಿದ್ದರು. ಆ ಮಾತು ಅಲ್ಲಿ ಸರಿಯಾಗಿ ಬಳಕೆಯಾದದ್ದು ಅದೇ ಮೊದಲು.

ಸರ್ ಎದ್ದು ಕೂರುವಷ್ಟು ಆರಾಮವಾಗಲು ಎರಡು ವಾರ ಹಿಡಿಯಿತು. ಅಷ್ಟು ದಿನವೂ ಹೆಂಡತಿಯೇ ನಡೆಸಿದರು. ಗುಂಪಿನಲ್ಲಿ ಕೆಲವರು ಸರ್ ಇನ್ನೂ ಸ್ವಲ್ಪ ದಿನ ವಿಶ್ರಾಂತಿ ತಗೊಳ್ಳಲಿ ಎಂದು ಕಳಕಳಿಯಿಂದ ಬರೆದರು. ಆ ಕಳಕಳಿಯನ್ನು ಸರ್ ಮಲಗಿದಲ್ಲೇ ಓದಿಕೊಂಡರು. ಹದಿನೈದನೆಯ ದಿನ ಫೋನು ವಾಪಸು ಇಸಿದುಕೊಂಡರು.

ಬಂದ ವಚನ ಆರು ಸಾಲಿನದಲ್ಲ. ಮೂವತ್ತು ಸಾಲಿಗೂ ಮೇಲೆ. ತಾಯಿಯೂ ಇದ್ದಳು, ದೀಪವೂ ಇತ್ತು, ಜ್ವರದ ದಾರ್ಶನಿಕ ಅರ್ಥವೂ ಇತ್ತು. ವಾಟ್ಸ್‌ಆ್ಯಪ್‌ನಲ್ಲಿ ಮಾತು ಉದ್ದವಾದರೆ ಅರ್ಧಕ್ಕೆ ಕಡಿದು ‘ಇನ್ನಷ್ಟು ಓದಿ’ ಎಂದು ಬರುತ್ತದೆ. ಅದನ್ನು ಒತ್ತಿ, ಮೂವತ್ತು ಸಾಲು ಇಳಿದು, ಭೀಮಾಮರ್ಜೇಶನನ್ನು ದಾಟಿದ ಮೇಲಷ್ಟೇ ತೊಗರಿಯ ದರ. ಗಣಿತದ ಮಾಸ್ತರರ ಬುದ್ಧಿ. ಎಲ್ಲಿ ಕಡಿಯುತ್ತದೆಂದು ಒಂದೊಂದೇ ಸಾಲು ಏರಿಸಿ ಪರೀಕ್ಷಿಸಿ ನೋಡಿಯೇ ಇಟ್ಟಿದ್ದರು.

ಮೊನ್ನೆ ಗಾಣಗಾಪುರದ ಬಸ್ಸಿನಲ್ಲಿ ಅವರ ಪಕ್ಕವೇ ಕುಂತಿದ್ದೆ. ಶಿಷ್ಯ ಕಂಡಕ್ಟರ್ ಟಿಕೆಟ್ ಕೊಡುತ್ತ ಬಂದು ಕೈಮುಗಿದ. “ಇವತ್ತಿಂದು ಓದಿದಿ ಏನಪಾ?” ಎಂದು ಸರ್ ಕೇಳಿದರು.

“ಓದಿದೆ ಸರ್. ಚೌಡಾಪುರ ಹತ್ರ ರಸ್ತೆ ಅಗದಾರಂತ ನೀವೇ ಬರದೀರಲ್ರಿ.”

“ಅದು ಕೆಳಗಿಂದಾತು. ಮ್ಯಾಲಿಂದು?”

ಕಂಡಕ್ಟರ್ ಚಿಲ್ಲರೆ ಎಣಿಸಿ ಅವರ ಅಂಗೈಯಲ್ಲಿಟ್ಟ. “ಸರ್, ನಮ್ಮ ಫೋನಿನ್ಯಾಗ ಈಗ ತಳದಿಂದ ಮ್ಯಾಲಕ್ಕ ಓದೂದು ರೂಢಿ ಆಗ್ಯಾದ್ರಿ. ಅರ್ಧಕ್ಕ ಬರೂದರಾಗ ಡ್ಯೂಟಿ ಹತ್ತತದ.”

ಸರ್ ಟಿಕೆಟ್ ಮಡಚಿ ಕಿಸೆಯಲ್ಲಿಟ್ಟುಕೊಂಡರು. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿ, ನನ್ನ ಕಡೆ ವಾಲಿ ಮೆಲ್ಲಗೆ ಕೇಳಿದರು: “ಹಂಗಂದ್ರ, ತಾ.ಕ. ನಡುವ ಹಾಕಿದ್ರ ಹೆಂಗ್ರಿ?”